ನಾಳೆ ಕಿಲಿಮಂಜಾರೋ: ಗೆಳೆಯನಿಗೊಂದು ಪತ್ರ

ಪ್ರೀತಿಯ ಗೆಳೆಯ,

ಇಲ್ಲಿ ಟಾಂಜಾನಿಯಾದಲ್ಲಿ, ಕಿಲಿಮಂಜಾರೋ ಬುಡದ ಮೋಶಿಯಲ್ಲಿ ಈಗ ರಾತ್ರಿ ಏಳೂವರೆ. ಅಲ್ಲಿ ಹತ್ತು ಗಂಟೆ, ನೀನು ಊಟ ಮುಗಿಸಿ ಮಲಗುವ ಹೊತ್ತು. ನಾಳೆ ಬೆಳಿಗ್ಗೆ ಮಚಾಮೆ ಗೇಟ್‌ನಿಂದ ಬೆಟ್ಟ ಹತ್ತಲು ಶುರು. ಆಮೇಲೆ ಏಳು ದಿನ ಫೋನ್ ಸಿಗುವುದು ಕಷ್ಟ. ಅದಕ್ಕೇ ಈಗಲೇ ಬರೆಯುತ್ತಿದ್ದೇನೆ. ಬೆರಳ ತುದಿ ಜುಮ್ ಅನ್ನುತ್ತಿದೆ. ಹೆದರಬೇಡ. ಎತ್ತರಕ್ಕೆ ಹೋದಾಗ ಬರುವ ಕಾಯಿಲೆಗೆ ಅಂತ ಡಾಕ್ಟರ್ ಕೊಟ್ಟ ಡೈಮಾಕ್ಸ್ ಮಾತ್ರೆ ಇವತ್ತು ಶುರು ಮಾಡಿದೆ. ಹೀಗಾಗಬಹುದು ಅಂತ ಅವರು ಮೊದಲೇ ಹೇಳಿದ್ದರು.

ಮಧ್ಯಾಹ್ನ ಗೈಡ್ ಬಂದರು. ನನ್ನ ಬ್ಯಾಗನ್ನು ಹಾಸಿಗೆ ಮೇಲೆ ಪೂರ್ತಿ ಸುರಿಸಿ, ಒಂದೊಂದೇ ಎತ್ತಿ ನೋಡಿದರು. ಬಾಡಿಗೆಗೆ ತಂದಿದ್ದ ಸ್ಲೀಪಿಂಗ್ ಬ್ಯಾಗಿನ ಜಿಪ್ಪು ಮೊಣಕಾಲಿನ ಹತ್ತಿರ ಸಿಕ್ಕಿಕೊಳ್ಳುತ್ತಿತ್ತು. ಅವರು ಒಂದು ತುಂಡು ಮೇಣದಬತ್ತಿ ತರಿಸಿ ಜಿಪ್ಪಿನ ಹಲ್ಲುಗಳಿಗೆ ಉದ್ದಕ್ಕೂ ಉಜ್ಜಿದರು. ಮೇಲಕ್ಕೆ ಕೆಳಕ್ಕೆ ಎಳೆದರು, ಮತ್ತೆ ಉಜ್ಜಿದರು. ಸರಾಗವಾಗಿ ಓಡುವ ತನಕ ಬಿಡಲೇ ಇಲ್ಲ. ಕೊನೆಗೆ ನನ್ನ ಪಾದ ನೋಡಿ, ಮೊದಲು ಉಗುರು ಕತ್ತರಿಸಿ ಅಂದರು. ಇಳಿಯುವಾಗ ಬೆರಳು ಬೂಟಿನ ಮುಂದಕ್ಕೆ ಒತ್ತುತ್ತದಲ್ಲ, ಉಗುರು ಉದ್ದ ಇದ್ದರೆ ಕಪ್ಪಾಗಿ ಕಿತ್ತೇ ಬರುತ್ತದಂತೆ. ಮೆಟ್ಟಿಲ ಮೇಲೆ ಕೂತು ಹತ್ತೂ ಬೆರಳಿನ ಉಗುರು ಕತ್ತರಿಸಿದೆ.

ಎಲ್ಲಕ್ಕಿಂತ ಹೊತ್ತು ಹಿಡಿದದ್ದು ತೂಕ. ಇಲ್ಲಿ ಒಬ್ಬ ಪೋರ್ಟರ್ 20 ಕಿಲೋಗಿಂತ ಜಾಸ್ತಿ ಹೊರುವಂತಿಲ್ಲ. ಅದರಲ್ಲಿ ನನ್ನ ಸಾಮಾನು 15 ಕಿಲೋ ದಾಟಬಾರದು. ನನ್ನದು 17 ಇತ್ತು. ಜೀನ್ಸ್ ತೆಗೆದೆ, ಪುಸ್ತಕ ತೆಗೆದೆ, ಇರಲಿ ಅಂತ ತಂದಿದ್ದ ಎರಡನೇ ಸ್ವೆಟರ್ ತೆಗೆದೆ. 14ಕ್ಕೆ ಬಂತು. ಅಮ್ಮ ಕೊಟ್ಟ ಚಟ್ನಿಪುಡಿ ಡಬ್ಬಿ ಬಿಡಲು ಮಾತ್ರ ಮನಸ್ಸು ಬರಲಿಲ್ಲ. ಅದನ್ನು ನನ್ನ ಬೆನ್ನಿನ ಬ್ಯಾಗಿಗೆ ಹಾಕಿಕೊಂಡೆ, ನಾನೇ ಹೊರುತ್ತೇನೆ. ಉಳಿದದ್ದನ್ನೆಲ್ಲ ನಾನು ಇನ್ನೂ ಮುಖ ನೋಡದ ಒಬ್ಬ ಮನುಷ್ಯ ತಲೆ ಮೇಲೆ ಹೊತ್ತು ನನಗಿಂತ ಮೊದಲು ಮೇಲೆ ಹೋಗಿರುತ್ತಾನೆ.

ಹೀಗೆ ಒಂದೊಂದೇ ತೆಗೆದಿಡುವಾಗ ನಿನ್ನ ನೆನಪು ಬಂತು ಕಣೋ. ಕುಮಾರಪರ್ವತ. ಹತ್ತುವಾಗ ನೀನು ಒಂದೇ ಲಯದಲ್ಲಿ ನಡೆಯುತ್ತಿದ್ದೆ. ನಾನು ಮುಂದೆ ಓಡಿ ಓಡಿ ನಿಂತು, ಬೇಗ ಬಾ ಮಾರಾಯ ಅಂತ ಎಲ್ಲರೆದುರು ಕೂಗುತ್ತಿದ್ದೆ. ಶೇಷಪರ್ವತದ ಹತ್ತಿರ ಒಮ್ಮೆ ಬೈದೂಬಿಟ್ಟೆ. ನೀನು ಏನೂ ಅನ್ನಲಿಲ್ಲ. ಇಳಿಯುವಾಗ ಭಟ್ಟರ ಮನೆ ಬರುವಷ್ಟರಲ್ಲಿ ನನ್ನ ಮೊಣಕಾಲು ಸೋತಿತ್ತು. ಆಗಲೂ ನೀನು ಏನೂ ಅನ್ನದೆ ನನ್ನ ಬ್ಯಾಗನ್ನೂ ಹೆಗಲಿಗೆ ಹಾಕಿಕೊಂಡೆ. ಕುಕ್ಕೆ ತನಕ ಎರಡೂ ಬ್ಯಾಗ್ ಹೊತ್ತೆ. ನಾನು ಒಂದು ಮಾತೂ ಹೇಳಲಿಲ್ಲ, ಅವತ್ತೂ ಇಲ್ಲ, ಆಮೇಲೂ ಇಲ್ಲ. ತಪ್ಪಾಯ್ತು ಕಣೋ.

ಇಲ್ಲಿ ಎಲ್ಲರ ಬಾಯಲ್ಲೂ ಒಂದೇ ಮಾತು, ‘ಪೊಲೆ ಪೊಲೆ’. ಸ್ವಾಹಿಲಿಯಲ್ಲಿ ಹಾಗಂದರೆ ನಿಧಾನ ನಿಧಾನ. ನೀನು ನಡೆಯುತ್ತಿದ್ದದ್ದು ಹಾಗೇ ಅಲ್ವಾ? ನಾವು ಕುಮಾರಪರ್ವತದ ತುದಿ ಮುಟ್ಟಿದ್ದು 1712 ಮೀಟರ್‌ನಲ್ಲಿ. ಇಲ್ಲಿ ಮಚಾಮೆ ಗೇಟೇ ಸುಮಾರು 1800 ಮೀಟರ್ ಎತ್ತರದಲ್ಲಿದೆ. ತುದಿ 5895. ಅಲ್ಲಿ ಗಾಳಿಯ ಒತ್ತಡ ಸಮುದ್ರಮಟ್ಟದ ಅರ್ಧದಷ್ಟೇ. ಓಡುವವನ ದೇಹಕ್ಕೆ ಹೊಂದಿಕೊಳ್ಳಲು ಹೊತ್ತೇ ಸಿಗುವುದಿಲ್ಲ. ಅದಕ್ಕೇ ಮೂರನೇ ದಿನ ಲಾವಾ ಟವರ್ ಅನ್ನುವ ಬಂಡೆಯ ತನಕ, ಸುಮಾರು 4600 ಮೀಟರ್, ಹತ್ತಿಸಿ ಮತ್ತೆ 3900ರ ಆಸುಪಾಸಿಗೆ ಇಳಿಸಿ ಮಲಗಿಸುತ್ತಾರೆ. ಹತ್ತಿದ್ದನ್ನು ಬಿಟ್ಟುಕೊಟ್ಟು ಇಳಿಯುವುದು! ಹಳೆಯ ನಾನಾಗಿದ್ದರೆ ಜಗಳಕ್ಕೇ ನಿಲ್ಲುತ್ತಿದ್ದೆ. ಕೊನೆಯ ಕ್ಯಾಂಪಿನ ಹೆಸರು ಬರಾಫು, ಅಂದರೆ ಮಂಜುಗಡ್ಡೆ. ಅಲ್ಲಿಂದ ನಡುರಾತ್ರಿ ಹೊರಟು ಬೆಳಗಿನ ಹೊತ್ತಿಗೆ ತುದಿ. ಗೈಡ್ ವಾಪಸ್ ಅಂದರೆ ವಾಪಸ್. ವಾದ ಮಾಡುವುದಿಲ್ಲ, ನಿನ್ನಾಣೆ.

ಇಡೀ ದಿನ ಬೆಟ್ಟ ಮೋಡದೊಳಗೇ ಇತ್ತು. ಸಂಜೆ ಆರರ ಹೊತ್ತಿಗೆ ಮಾಳಿಗೆ ಮೇಲೆ ಒಗೆದ ಕಾಲುಚೀಲ ತೆಗೆಯಲು ಹೋದೆ. ಬೆಟ್ಟ ಇರಬಹುದು ಅಂದುಕೊಂಡಿದ್ದ ಕಡೆ ಬರೀ ಮೋಡ. ಕತ್ತು ಇನ್ನೂ ಮೇಲಕ್ಕೆತ್ತಿದೆ. ಮೋಡಕ್ಕಿಂತ ಎಷ್ಟೋ ಮೇಲೆ ಬಿಳಿ ತುದಿ ಕಾಣಿಸಿತು. ಸುಮ್ನೆ ನಿಂತುಬಿಟ್ಟೆ. ಭಯವಾಯಿತು, ಅಷ್ಟೇ ಆಸೆಯೂ ಆಯಿತು.

ಹೆಡ್‌ಲ್ಯಾಂಪಿನ ಹೆಚ್ಚುವರಿ ಬ್ಯಾಟರಿಗಳನ್ನು ಒಂದು ಕಾಲುಚೀಲದೊಳಗೆ ಸುತ್ತಿಟ್ಟಿದ್ದೇನೆ. ಚಳಿಗೆ ಬೇಗ ಇಳಿದುಹೋಗುತ್ತವೆ, ರಾತ್ರಿ ಪಕ್ಕದಲ್ಲೇ ಇಟ್ಟುಕೊಂಡು ಮಲಗಬೇಕು. ಅಮ್ಮನಿಗೆ ನಡುವೆ ಒಂದೆರಡು ಸಲ ಫೋನ್ ಮಾಡು. ನೀನು ಮಾತಾಡಿದರೆ ಅವಳಿಗೆ ಧೈರ್ಯ. ಏಳನೇ ದಿನ ಮ್ವೆಕಾ ಗೇಟಿನಲ್ಲಿ ಇಳಿದ ಮೇಲೆ ಮೊದಲ ಕರೆ ಅವಳಿಗೆ, ಎರಡನೆಯದು ನಿನಗೆ.

ನಿನ್ನ ಗೆಳೆಯ