ನಿನ್ನ ಗಂಧದ ಗುಡಿಗೆ ಗೆದ್ದಲು ಹಿಡಿದಾಗ

ಪ್ರೀತಿಯ ರೀಲಣ್ಣ,

ಫೋನ್ ಮಾಡಬಹುದಿತ್ತು. ಮಾಡಿದರೆ ನೀನು ಅಡಿಕೆ ರೇಟಿಗೆ ಹೋಗುತ್ತೀಯ, ನಾನು ಹೇಳಬೇಕಾದ್ದು ಬಾಯಲ್ಲೇ ಉಳಿಯುತ್ತದೆ. ಅದಕ್ಕೇ ಪತ್ರ. ಎಲ್ಲರಿಗೂ ಕಾಣುವ ಹಾಗೆ ಯಾಕೆ ಅಂತ ಕೇಳಬೇಡ. ನಾಲ್ಕು ಜನ ನೋಡುತ್ತಿದ್ದರೆ ನನ್ನ ಬಾಯಿಂದ ಸ್ವಲ್ಪ ನಿಜ ಬರುತ್ತದೆ, ಗೊತ್ತಲ್ಲ.

ಹಳೇ ಸಿನಿಮಾ ಪೋಸ್ಟರ್ ಕೂಡಿಡುವ ಹುಚ್ಚು ನಮ್ಮಿಬ್ಬರಿಗೂ ಇದೆಯಲ್ಲ, ದುಡ್ಡಿನ ಯೋಚನೆ ಇಲ್ಲದಿದ್ದರೆ ಯಾವ ಪೋಸ್ಟರ್ ತಗೊಳ್ಳುತ್ತೀಯ ಅಂತ ನೀನು ಕೇಳಿದ್ದೆ. ಲೋಕದ ಪೋಸ್ಟರ್ ಹುಚ್ಚರೆಲ್ಲ 'ಮೆಟ್ರೊಪೊಲಿಸ್' ಅನ್ನುತ್ತಾರೆ. 1927ರ ಜರ್ಮನ್ ಸಿನಿಮಾ. ಹೈಂಜ್ ಶುಲ್ಜ್-ನ್ಯೂಡಾಮ್ ಬರೆದ ಆ ಉದ್ದನೆಯ ಪೋಸ್ಟರ್ ಇಡೀ ಜಗತ್ತಿನಲ್ಲಿ ಉಳಿದಿರುವುದು ನಾಲ್ಕು ಅಂತ ಲೆಕ್ಕ. 2005ರಲ್ಲಿ ಒಂದು 6,90,000 ಡಾಲರಿಗೆ ಹೋಯಿತು. ಚೆಂದ ಇದೆ, ಇಲ್ಲ ಅನ್ನುವುದಿಲ್ಲ. ಆದರೆ ನನ್ನ ನಿದ್ದೆ ಕೆಡಿಸಿದ್ದು 'ಲಂಡನ್ ಆಫ್ಟರ್ ಮಿಡ್‌ನೈಟ್'. ಅದೂ 1927ರದ್ದೇ, ಲಾನ್ ಚೇನಿ ನಟಿಸಿದ್ದು. ಅದರ ಕೊನೆಯ ಪ್ರಿಂಟ್ ಸ್ಟುಡಿಯೋದ ಗೋದಾಮಿನಲ್ಲೇ ಬೆಂಕಿಗೆ ಹೋಯಿತು. ಸಿನಿಮಾ ಇಲ್ಲ, ಪೋಸ್ಟರ್ ಇದೆ. 2014ರಲ್ಲಿ 4,78,000 ಡಾಲರ್. ಯಾರಿಗೂ ನೋಡಲಾಗದ ಸಿನಿಮಾಕ್ಕೆ ಇನ್ನೂ ಜನ ಕರೆಯುತ್ತಿರುವ ಕಾಗದ!

ನಮ್ಮದೂ ಒಂದಿದೆ ಅಲ್ವಾ. 'ಸತಿ ಸುಲೋಚನಾ', 1934, ಕನ್ನಡದ ಮೊದಲ ಟಾಕಿ. ಶೂಟಿಂಗ್ ಆದದ್ದು ಕೊಲ್ಹಾಪುರದಲ್ಲಿ. ಸುಬ್ಬಯ್ಯ ನಾಯ್ಡು ಇಂದ್ರಜಿತ್, ನಾಗೇಂದ್ರರಾಯರು ರಾವಣ. ರೀಲು ಉಳಿದಿಲ್ಲ. ಅದರದೊಂದು ವಾಲ್ ಪೋಸ್ಟರ್ ಸಿಕ್ಕರೆ ನನ್ನ ಬೈಕ್ ಮಾರುತ್ತೇನೆ. ಆ ಬೈಕ್ ಯಾರಿಗೆ ಬೇಕು ಅನ್ನುವುದು ಬೇರೆ ಪ್ರಶ್ನೆ.

ಉಳಿಯುವುದಾದರೂ ಹೇಗೆ ಹೇಳು. ರಾತ್ರೋರಾತ್ರಿ ಮೈದಾ ಅಂಟು ಬಳಿದು ಹಚ್ಚುತ್ತಿದ್ದರು. ಮುಂದಿನ ವಾರ ಅದರ ಮೇಲೇ ಇನ್ನೊಂದು. ಶಿವಮೊಗ್ಗದ ಗಾಂಧಿ ಬಜಾರಿನ ದನಗಳಿಗೆ ಮೈದಾ ರುಚಿ ಚೆನ್ನಾಗಿ ಗೊತ್ತಿತ್ತು. ಹೀರೋಯಿನ್ ಗಲ್ಲದಿಂದಲೇ ಶುರು ಮಾಡುತ್ತಿದ್ದವು. ದನಕ್ಕೆ ಎಟುಕದ್ದು ಮಳೆಗೆ. ಆಗುಂಬೆಯಲ್ಲಿ ವರ್ಷಕ್ಕೆ 7,000 ಮಿಲಿಮೀಟರ್ ಸುರಿಯುತ್ತದೆ, ಆ ಕಡೆ ಕಾಗದದ ಗತಿ ಕೇಳಬೇಕಾ. ಇವತ್ತು ನಮ್ಮ ಕೈಗೆ ಬರುವುದೆಲ್ಲ ಗೋಡೆಗೇ ಹೋಗದೆ ಟಾಕೀಸಿನ ಮೂಲೆಯಲ್ಲಿ ಬಿದ್ದಿದ್ದ ಹಾಳೆಗಳು. ದುಡಿದ ಪೋಸ್ಟರ್ ಸತ್ತಿತು, ಮೈಗಳ್ಳ ಪೋಸ್ಟರ್ ಬದುಕಿತು. ನಿನ್ನ ಹೆಂಡತಿಗೆ ಈ ಸಾಲು ತೋರಿಸಬೇಡ, ನಿನ್ನ ಹೆಸರು ಸೇರಿಸುತ್ತಾಳೆ.

ಈಗ ವಿಷಯಕ್ಕೆ ಬರುತ್ತೇನೆ. ಹೋದ ಮಳೆಗಾಲ ನೀನು ರಾತ್ರಿ ಫೋನ್ ಮಾಡಿದೆ. 'ಗಂಧದ ಗುಡಿ' ಪೋಸ್ಟರಿಗೆ ಗೆದ್ದಲು ಹಿಡಿದಿದೆ, ಮಡಿಕೆಯ ಗೆರೆಗುಂಟ ಪುಡಿಪುಡಿ ಆಗಿದೆ ಅಂದೆ. ನಾನು "ಅಯ್ಯೋ ಮಾರಾಯ" ಅಂದೆ. ದನಿ ಸರಿಯಾಗೇ ಬಂತು. ಆದರೆ ಅದಕ್ಕೂ ಮೊದಲೇ ಒಳಗೊಂದು ಲೆಕ್ಕ ಆಗಿಹೋಗಿತ್ತು. ಹಾಗಾದರೆ ನಮಗೆ ಗೊತ್ತಿರುವ ಮಟ್ಟಿಗೆ, 1973ರ ಆ ಹಾಳೆ ಈ ಜಿಲ್ಲೆಯಲ್ಲಿ ಇನ್ನು ನನ್ನದೊಂದೇ. ಖುಷಿ ಆಯಿತು ಕಣೋ. ಬೇಜಾರು ಆಮೇಲೆ ಬಂತು. ಫೋನ್ ಇಟ್ಟು ಬೀರು ತೆಗೆದು ನನ್ನದನ್ನು ನೋಡಿದೆ. ಮೊನ್ನೆಗಿಂತ ಚೆಂದ ಕಂಡಿತು.

ಪೆನ್ಸಿಲ್ವೇನಿಯಾದ ಬರ್ವಿಕ್‌ನ ಕತೆ ನೆನಪಿದೆಯಾ? ಅಟ್ಟದಲ್ಲಿ 1930-31ರ ಪೋಸ್ಟರುಗಳು ಒಂದಕ್ಕೊಂದು ಅಂಟಿಕೊಂಡು ರಟ್ಟಿನ ಹಾಗೆ ಸಿಕ್ಕವು. ಬಿಡಿಸಿದರೆ 33. 2012ರಲ್ಲಿ ಹರಾಜಾಗಿ ಐದು ಲಕ್ಷ ಡಾಲರ್ ದಾಟಿದವು. ಅವತ್ತು ಓದಿ ಇಬ್ಬರೂ ಕುಣಿದಿದ್ದೆವು. ಈಗ ನನಗೆ ನೆನಪಾಗುವುದು, ಅಲ್ಲಿಯವರೆಗೆ ತನ್ನದೊಂದೇ ಅಂದುಕೊಂಡು ನೆಮ್ಮದಿಯಾಗಿ ಮಲಗುತ್ತಿದ್ದ ಯಾವನೋ ಒಬ್ಬ. ನಾನು ಅವನ ಕಡೆ. ಮೆಟ್ರೊಪೊಲಿಸ್ ಇರುವವರು ಐದನೆಯದು ಸಿಗಲಿ ಅಂತ ಹರಕೆ ಹೊರುತ್ತಾರಾ? ನಾಳೆ 'ಸತಿ ಸುಲೋಚನಾ' ರೀಲೇ ಸಿಕ್ಕಿ ಊರೆಲ್ಲ ನೋಡುವ ಹಾಗಾದರೆ ನನಗೆ ಪೂರ್ತಿ ಸಂತೋಷ ಆಗುತ್ತಾ? ಉತ್ತರ ಬೇಗ ಬರುತ್ತಿಲ್ಲ. ಅಪ್ಪನ ಗಡಿಯಾರ ನನ್ನ ಪಾಲಿಗೆ ಬಂದಾಗ ತಮ್ಮನ ಮುಖ ನೋಡಿಯೂ ನನಗೆ ಇದೇ ಥರ

ಬಿಡು. ಅದು ಇಲ್ಲಿಗೆ ಬೇಡ.

ಉಳಿದ ಹಾಳೆಗಳನ್ನು ಬಚ್ಚಲ ಒಲೆಯ ಮೇಲಿನ ಅಟ್ಟದಿಂದ ಮೊದಲು ಇಳಿಸು. ಹೊಗೆ ಇದ್ದರೆ ಹುಳ ಬರುವುದಿಲ್ಲ ಅನ್ನುವ ನಿನ್ನ ಸಿದ್ಧಾಂತ ಅಡಿಕೆಗೆ ಸರಿ, ರಾಜ್‌ಕುಮಾರ್‌ಗೆ ಅಲ್ಲ. ಮಡಚದೆ ಚಪ್ಪಟೆಯಾಗಿ ಇಡು. ಸೆಲ್ಲೋಟೇಪ್ ಮುಟ್ಟಬೇಡ. ಲ್ಯಾಮಿನೇಷನ್ ಅಂತೂ ಮಾಡಿಸಲೇಬೇಡ. ಮಾಡಿಸಿದರೆ ಲಾಭ ನನಗೇ, ಆದರೂ ಹೇಳುತ್ತಿದ್ದೇನೆ. ಇದನ್ನು ನನ್ನ ಪುಣ್ಯದ ಖಾತೆಗೆ ಬರೆದುಕೋ.

ಅಂದ ಹಾಗೆ, ಗೆದ್ದಲು ತಿಂದು ಬಿಟ್ಟ ಚೂರುಗಳನ್ನು ಎಸೆದಿಲ್ಲ ತಾನೇ? ಎಸೆಯದಿದ್ದರೆ ನನಗೇ ಕೊಡು. ಸುಮ್ನೆ ಬೇಡ, ರೇಟ್ ಮಾತಾಡೋಣ.

ಇಂತಿ ನಿನ್ನ
ಸಿಂಗಲ್ ಶೀಟ್
ಶಿವಮೊಗ್ಗ