ಫೋನ್ ಒಪ್ಪಿಸುವ ಮೊದಲು ಓದು, ಮಗಳೇ

ಮಗಳೇ,

ಫೋನು, ಪೆನ್ನು ಎಲ್ಲ ಒಪ್ಪಿಸಿ ಮೌನವಾಗಿ ಕೂರುವ ವಿಪಸ್ಸನ ಧ್ಯಾನ ಶಿಬಿರಕ್ಕೆ ಹೋಗುತ್ತೇನೆ ಅಂತ ನೀನು ಅಂದಾಗ, ನಿನ್ನೆ ರಾತ್ರಿ ಫೋನಿನಲ್ಲಿ ಆದದ್ದು ಇಬ್ಬರಿಗೂ ಗೊತ್ತು, ಅದನ್ನು ಮತ್ತೆ ಬರೆಯುವುದಿಲ್ಲ. "ಕಣ್ಣು ಮುಚ್ಚಿ ಕೂತರೆ ಪಿಎಚ್‌ಡಿ ಮುಗಿಯುತ್ತದಾ" ಅಂದದ್ದು ಮಾತ್ರ ನನ್ನ ತಪ್ಪು. ಅಮ್ಮ ಬೆಳಗ್ಗಿನಿಂದ ನನ್ನ ಹತ್ತಿರ ಮಾತಾಡಿಲ್ಲ.

ನೀನು ಕಳಿಸಿದ ಧ್ಯಾನದ ಅಧ್ಯಯನವನ್ನು ಎರಡು ಸಲ ಓದಿದೆ. ಹಾಲೆಂಡಿನ ಲೈಡನ್ ವಿಶ್ವವಿದ್ಯಾಲಯದವರು 2012ರಲ್ಲಿ ಮಾಡಿದ್ದು. ಒಂದೇ ಕಡೆ ಗಮನ ಇಡುವ ಧ್ಯಾನ ಬೇರೆ, ಮನಸ್ಸಿಗೆ ಬಂದದ್ದನ್ನೆಲ್ಲ ಸುಮ್ನೆ ನೋಡುತ್ತಾ ಕೂರುವುದು ಬೇರೆ. ಎರಡನೆಯದು ಮಾಡಿದ ಮೇಲೆ ಒಂದು ವಸ್ತುವಿಗೆ ಹೊಸ ಹೊಸ ಉಪಯೋಗ ಜಾಸ್ತಿ ಹೊಳೆಯಿತಂತೆ. ಆ ಪರೀಕ್ಷೆ ನನಗೆ ಕೊಟ್ಟಿದ್ದರೆ ಅಡಕೆ ಹಾಳೆ ಒಂದರಲ್ಲೇ ಪುಟ ತುಂಬಿಸುತ್ತಿದ್ದೆ: ಮುಟ್ಟಾಳೆ, ಬೀಸಣಿಗೆ, ತಟ್ಟೆ, ನಿನ್ನನ್ನು ಕೂರಿಸಿ ಅಂಗಳದಲ್ಲಿ ಎಳೆದ ಗಾಡಿ. ಆದರೆ ಅಲ್ಲಿದ್ದದ್ದು ಬರೀ 19 ಜನ, ಅದೂ ಮೊದಲೇ ಧ್ಯಾನದ ಅಭ್ಯಾಸ ಇದ್ದವರು. ಹತ್ತೊಂಬತ್ತು ಮರಕ್ಕೆ ಮದ್ದು ಬಿಟ್ಟು, ಅಡಕೆ ಕೊಳೆಸುವ ಮಹಾಳಿ ರೋಗವೇ ಹೋಯಿತು ಅಂತ ನಾನು ಹೇಳಿದರೆ ನೀನೇ ನಗುತ್ತೀ.

ಎರಡು ವರ್ಷದಿಂದ ಹೊಸದೇನೂ ಹೊಳೆಯುತ್ತಿಲ್ಲ ಅಂತ ನೀನು ಅಂದೆ. ಪ್ವಾಂಕರೆ ಎಂಬ ಗಣಿತಜ್ಞನಿಗೆ ಗಾಡಿಯ ಮೆಟ್ಟಿಲಿಗೆ ಕಾಲಿಟ್ಟಾಗ ಉತ್ತರ ಹೊಳೆದ ಕತೆ ಹೇಳಿದ್ದೂ ನೀನೇ. ವಿಪಸ್ಸನ ಶಿಬಿರದಲ್ಲಿ ಮೊದಲ ಮೂರು ದಿನ ಬರೀ ಉಸಿರಂತೆ. ಅಲೆಯುವ ಮನಸ್ಸನ್ನು ಪ್ರತಿಸಲ ಉಸಿರಿಗೇ ಎಳೆದು ತಂದರೆ ಅದು ಗಾಡಿ ಹತ್ತುವುದು ಯಾವಾಗ? ಹೊಳೆದರೂ ಬರೆದುಕೊಳ್ಳಲು ಅಲ್ಲಿ ಪೆನ್ನಿಲ್ಲ, ಅಲ್ವಾ?

ನಿಜ ಹೇಳಲಾ, ನನಗೆ ನೀರಿಗಾಗಿ ಗುಡ್ಡಕ್ಕೆ ಕೊರೆದ ನಮ್ಮ ಸುರಂಗ ನೆನಪಾಗುತ್ತಿದೆ.

ನಿನಗಾಗ ಏಳು ವರ್ಷ. ಮಧ್ಯಾಹ್ನ ಊಟಕ್ಕೆ ನೀನಿಲ್ಲ. ಕೆರೆ ನೋಡಿದೆ, ಹಟ್ಟಿ ನೋಡಿದೆ, ತೋಡಿನ ಉದ್ದಕ್ಕೂ ಕೂಗಿದೆ. ಗುಡ್ಡದ ಬುಡದಲ್ಲಿ, ಸುರಂಗದ ಬಾಯಲ್ಲಿ, ನಿನ್ನ ಚಪ್ಪಲಿ. ಸುರಂಗ ತೋಡುವವರೇ ದೀಪ ಇಲ್ಲದೆ ಒಳಗೆ ಹೋಗುವುದಿಲ್ಲ. ದೀಪ ಆರಿದರೆ ಹೊರಗೆ ಬಂದುಬಿಡುತ್ತಾರೆ, ಒಳಗೆ ಗಾಳಿ ಇಲ್ಲ ಅಂತ. ನೀನು ಕತ್ತಲಲ್ಲಿ, ಪಾದ ಮುಳುಗುವ ನೀರಲ್ಲಿ ಕುಕ್ಕರುಗಾಲಲ್ಲಿ ಕೂತಿದ್ದೆ. ನಾನು ಕೂಗಿದ್ದು ಕೇಳಿತ್ತಂತೆ. ಓಗೊಟ್ಟರೆ ಹನಿಯ ಲೆಕ್ಕ ತಪ್ಪುತ್ತದೆ ಅಂತ ಸುಮ್ಮನಿದ್ದೆಯಂತೆ. ಎಳೆದು ತಂದು ಹೊಡೆದೆ. ಬಿಕ್ಕುತ್ತಾ ನೀನು ಏನೋ ಒಂದು ಸಂಖ್ಯೆ ಹೇಳಿದೆ. ನಾನು ಕೇಳಿಸಿಕೊಳ್ಳಲಿಲ್ಲ. ಆ ಚಪ್ಪಲಿ ಇನ್ನೂ ಕಣ್ಣ ಮುಂದಿದೆ. ನೀನು ಎರಡನ್ನೂ ಜೋಡಿಸಿ ಇಟ್ಟಿದ್ದೆ, ದೇವಸ್ಥಾನದ ಹೊರಗೆ ಇಡುವ ಹಾಗೆ.

ಕರೆದಾಗ ನೀನು ಓಗೊಡದಿದ್ದರೆ ನನಗೆ ಕೈಕಾಲು ಆಡುವುದಿಲ್ಲ. ಅಷ್ಟೇ ವಿಷಯ. ಲೈಡನ್ನು, ಪೆನ್ನು ಎಲ್ಲ ಆಮೇಲೆ ಹುಡುಕಿಕೊಂಡ ನೆಪ.

ಹೋಗಿ ಬಾ. ಗೈಡಿಗೆ ಹೇಳಿ ಹೋಗು. ಹೀಗೆ ಕೂತಾಗ ಕೆಲವರಿಗೆ ಗಾಬರಿ ಆಗುವುದುಂಟು. ಹಾಗಾದರೆ ಅಲ್ಲಿಯವರಿಗೆ ಹೇಳು, ಹಟ ಮಾಡಿ ಕೂರಬೇಡ. ನಿನಗೆ ಹಟ ಜಾಸ್ತಿ. ಸೊಂಟಕ್ಕೆ ದಿಂಬು ಕೇಳು. ಸರಿಯಾಗಿ ಉಣ್ಣು. ನೋಡು, ಮತ್ತೆ ಶುರು ಮಾಡಿದೆ.

ಬದಿಯಡ್ಕ ಪೇಟೆಯಲ್ಲಿ ಕೇಳಿದವರಿಗೆಲ್ಲ "ಮಗಳು ಮಹಾಳಿಯ ಮೇಲೆ ಸಂಶೋಧನೆ ಮಾಡುತ್ತಾಳೆ" ಅನ್ನುತ್ತೇನೆ. ಕೇಳದವರಿಗೂ.

ಫೋನ್ ವಾಪಸ್ ಸಿಕ್ಕಿದ ಕೂಡಲೇ ಮೊದಲು ಅಮ್ಮನಿಗೆ ಮಾಡು. ಸುರಂಗದ ನೀರು ಈ ಸಲ ತೀರಾ ಸಣ್ಣಗೆ ಬರುತ್ತಿದೆ, ನಾಳೆ ದೀಪ ಹಿಡಿದು ಒಳಗೆ ಹೋಗಿ ನೋಡಬೇಕು.

ಅಪ್ಪ