ಟಕ್ ಎಂದ ಮಾತ್ರಕ್ಕೆ ಚಾಕು ಲಾಕ್ ಆಗಿರುವುದಿಲ್ಲ

ಮಾನ್ಯ ಸಂಪಾದಕರೇ,

ತಮ್ಮ ಪತ್ರಿಕೆಯ ಕಳೆದ ಭಾನುವಾರದ ಪುರವಣಿಯಲ್ಲಿ ಹುಟ್ಟುಹಬ್ಬದ ಉಡುಗೊರೆಗಳ ಕುರಿತು ಬಂದ ಬರಹದಲ್ಲಿ ಮಡಚುವ ಕಿಸೆಚಾಕುವಿಗೂ ಒಂದು ಪ್ಯಾರಾ ಮೀಸಲಾಗಿದ್ದನ್ನು ನೋಡಿ ಸಂತೋಷವಾಯಿತು. 31 ವರ್ಷ ಮರಗೆಲಸ ಕಲಿಸಿ ನಿವೃತ್ತನಾದವನು ನಾನು. ಬೆಳಿಗ್ಗೆ ಅಂಗಿ ತೊಟ್ಟ ಮೇಲೆ ಕನ್ನಡಕ, ಕರವಸ್ತ್ರ, ಚಾಕು ಮೂರೂ ಜೇಬಿಗೆ ಬಿದ್ದವೇ ಎಂದು ತಡವಿ ನೋಡಿಕೊಳ್ಳುವ ಅಭ್ಯಾಸ ಇನ್ನೂ ಹೋಗಿಲ್ಲ. ಆದರೆ ಆ ಪ್ಯಾರಾದ ಒಂದು ಮಾತು ತಪ್ಪಾಗಿದೆ, ಅಪಾಯಕಾರಿಯೂ ಆಗಿದೆ; ಇನ್ನೊಂದು ಮಾತು ಉಡುಗೊರೆ ಕೊಡಲು ಹೊರಟವರ ದಾರಿ ತಪ್ಪಿಸುವಂತಿದೆ. ಅಲಗನ್ನು ಬಿಡಿಸಿದಾಗ ಟಕ್ ಎಂಬ ಸದ್ದು ಬಂದರೆ ಲಾಕ್ ಬಿದ್ದಿದೆ ಎಂದು ತಿಳಿಯಬೇಕೆಂಬುದು ಮೊದಲನೆಯದು. ಉಪಕರಣಗಳು ಹೆಚ್ಚಿದ್ದಷ್ಟೂ ಉಡುಗೊರೆಯ ತೂಕ ಹೆಚ್ಚುತ್ತದೆ ಎಂಬುದು ಎರಡನೆಯದು. ತೂಕ ಹೆಚ್ಚುವುದೇನೋ ನಿಜ, ಜೇಬು ಜೋತುಬೀಳುವಷ್ಟು.

ಮೊದಲನೆಯದನ್ನೇ ತೆಗೆದುಕೊಳ್ಳುತ್ತೇನೆ. ಸಾಂಪ್ರದಾಯಿಕ ಕಿಸೆಚಾಕುಗಳಲ್ಲಿ ಬಹುಪಾಲಿಗೆ ಲಾಕ್ ಎಂಬುದೇ ಇರುವುದಿಲ್ಲ. ಹಿಡಿಯ ಬೆನ್ನಿನುದ್ದಕ್ಕೂ ಒಂದು ಪಟ್ಟಿಯಾಕಾರದ ಸ್ಪ್ರಿಂಗ್ ಇರುತ್ತದೆ; ಅಲಗನ್ನು ಪೂರ್ತಿ ಬಿಡಿಸಿದಾಗ ಅದರ ಬುಡದ ಚಪ್ಪಟೆ ಭಾಗವು ಆ ಸ್ಪ್ರಿಂಗಿನ ಮೇಲೆ ಕುಳಿತುಕೊಳ್ಳುತ್ತದೆ, ಹಾಗೆ ಕುಳಿತುಕೊಳ್ಳುವ ಸದ್ದೇ ಈ ಟಕ್. ಅಲಗನ್ನು ಹಿಡಿದಿಟ್ಟಿರುವುದು ಸ್ಪ್ರಿಂಗಿನ ಒತ್ತಡ ಮಾತ್ರ, ಬೇರಾವ ಅಡ್ಡಗಟ್ಟೂ ಅಲ್ಲ. ಹಗ್ಗವನ್ನೋ ರಟ್ಟನ್ನೋ ಕತ್ತರಿಸುವಾಗ ಒತ್ತಡವೆಲ್ಲ ಅಲಗಿನ ಬಾಯಿಯ ಕಡೆಯಿಂದ ಬರುವುದರಿಂದ ಅಲಗು ಇನ್ನಷ್ಟು ತೆರೆದ ಕಡೆಗೇ ಒತ್ತಿಕೊಳ್ಳುತ್ತದೆ, ಏನೂ ಆಗುವುದಿಲ್ಲ. ಅದೇ ಚಾಕುವಿನ ಮೊನೆಯನ್ನು ಮರಕ್ಕೆ ಊರಿ ತೂತು ಮಾಡಲು ಹೋದರೆ, ಅಥವಾ ಸಿಕ್ಕಿಕೊಂಡ ಅಲಗನ್ನು ಹಿಂದಕ್ಕೆ ಅಲುಗಾಡಿಸಿ ಕೀಳಲು ಹೋದರೆ, ಒತ್ತಡ ಬೆನ್ನಿನ ಕಡೆಯಿಂದ ಬಿದ್ದು ಸ್ಪ್ರಿಂಗ್ ಸೋಲುತ್ತದೆ. ಆಗ ಅಲಗು ಮಡಚಿಕೊಳ್ಳುವ ದಾರಿಯಲ್ಲಿ ನಮ್ಮ ಬೆರಳುಗಳೇ ಇರುತ್ತವೆ.

ಇದನ್ನು ನಾನು ಎಲ್ಲಿಯೋ ಓದಿ ಹೇಳುತ್ತಿಲ್ಲ. ನನ್ನ ಬಲಗೈ ತೋರುಬೆರಳಿನ ಮಧ್ಯದ ಗೆಣ್ಣಿಗೆ ಅಡ್ಡವಾಗಿ ಒಂದು ಬಿಳಿಯ ಗೆರೆಯಿದೆ. ಕೆಲಸಕ್ಕೆ ಸೇರಿದ ಎರಡನೆಯ ವರ್ಷ, ಬೈರಿಗೆ ಹುಡುಕಲು ಸೋಮಾರಿತನಪಟ್ಟು, ಒಂದು ಹಲಗೆಯಲ್ಲಿ ಸ್ಕ್ರೂ ಕೂರಿಸಲು ಸಣ್ಣ ಗುಳಿ ಮಾಡೋಣವೆಂದು ಕಿಸೆಚಾಕುವಿನ ಮೊನೆಯನ್ನು ಒತ್ತಿ ತಿರುಗಿಸಿದೆ. ಟಕ್ ಎಂದು ತೆರೆದುಕೊಂಡಿದ್ದ ಅಲಗು ಅಷ್ಟೇ ಚೊಕ್ಕವಾಗಿ ಟಕ್ ಎಂದು ಮಡಚಿಕೊಂಡಿತು. ಹುಡುಗರ ಮುಂದೆ ನೋವನ್ನು ತೋರಿಸಿಕೊಳ್ಳಬಾರದೆಂದು ಕೈಯನ್ನು ಕರವಸ್ತ್ರದಲ್ಲಿ ಸುತ್ತಿ ಪಾಠ ಮುಂದುವರಿಸಿದ್ದು ಇನ್ನೊಂದು ಮೂರ್ಖತನ. ಆಮೇಲೆ ಪ್ರತಿವರ್ಷವೂ ಹೊಸ ತರಗತಿಗೆ ಮೊದಲ ದಿನ ಈ ಗೆರೆಯನ್ನು ತೋರಿಸಿಯೇ ಪಾಠ ಆರಂಭಿಸುತ್ತಿದ್ದೆ.

ನಿಜವಾದ ಲಾಕ್ ಇರುವ ಚಾಕುವನ್ನು ಗುರುತಿಸುವುದು ಸುಲಭ: ಅದನ್ನು ಮಡಚಬೇಕೆಂದರೆ ಮೊದಲು ಬೇರೆ ಏನನ್ನಾದರೂ ಒತ್ತಬೇಕು, ಸರಿಸಬೇಕು ಅಥವಾ ತಿರುಗಿಸಬೇಕು. ಕೆಲವದರಲ್ಲಿ ಹಿಡಿಯ ಬೆನ್ನ ಮೇಲೆ ಒತ್ತುವ ಜಾಗವಿರುತ್ತದೆ, ಕೆಲವದರಲ್ಲಿ ಹಿಡಿಯ ಒಳಗಿನ ತೆಳ್ಳನೆಯ ಲೋಹದ ಪಟ್ಟಿಯೊಂದು ಅಲಗಿನ ಬುಡಕ್ಕೆ ಅಡ್ಡಬಂದು ನಿಲ್ಲುತ್ತದೆ. ಫ್ರಾನ್ಸಿನ ಒಪಿನೆಲ್ ಚಾಕುವಿನ ಏರ್ಪಾಡು ಇವೆಲ್ಲಕ್ಕಿಂತ ಸರಳ. 1890ರ ಸುಮಾರಿಗೆ ಸವಾಯ್ ಪ್ರಾಂತದಲ್ಲಿ ಹುಟ್ಟಿದ, ಮರದ ಹಿಡಿಯ ಆ ಚಾಕುವಿಗೆ 1955ರಲ್ಲಿ ಒಂದು ಸೀಳು ಬಳೆಯನ್ನು ಸೇರಿಸಿದರು. ಕತ್ತಿನ ಬಳಿಯ ಆ ಬಳೆಯನ್ನು ಬೆರಳಿನಿಂದ ತಿರುಗಿಸಿದರೆ ಅದರ ಸೀಳು ಪಕ್ಕಕ್ಕೆ ಸರಿದು ಅಲಗಿನ ದಾರಿ ಮುಚ್ಚಿಹೋಗುತ್ತದೆ. ಬಳೆಯನ್ನು ತಿರುಗಿಸಲು ಮರೆತರೆ ಅದೂ ಲಾಕ್ ಇಲ್ಲದ ಚಾಕುವೇ ಎಂಬುದನ್ನು ಉಡುಗೊರೆ ಕೊಡುವಾಗ ಬಾಯಿಬಿಟ್ಟು ಹೇಳಬೇಕು.

ಇಲ್ಲಿ ಒಂದು ತಮಾಷೆಯೂ ಇದೆ. ಬೆರಳನ್ನು ಕಾಯುವ ಈ ಲಾಕನ್ನೇ ಕೆಲವು ದೇಶಗಳ ಕಾನೂನು ಅನುಮಾನದಿಂದ ನೋಡುತ್ತದೆ. ಬ್ರಿಟನ್ನಿನಲ್ಲಿ 3 ಅಂಗುಲದೊಳಗಿನ ಅಲಗಿನ ಮಡಚುವ ಚಾಕುವನ್ನು ಕಾರಣವಿಲ್ಲದೆಯೂ ಜೇಬಿನಲ್ಲಿಟ್ಟುಕೊಂಡು ಓಡಾಡಬಹುದು, ಆದರೆ ಆ ಅಲಗು ಲಾಕ್ ಆಗುವಂಥದ್ದಾದರೆ ಈ ವಿನಾಯಿತಿ ಸಿಗುವುದಿಲ್ಲ. ಜಪಾನಿನಲ್ಲಿ 6 ಸೆಂಟಿಮೀಟರಿಗಿಂತ ಉದ್ದದ ಅಲಗನ್ನು ಸಾಮಾನ್ಯವಾಗಿ ಸಕಾರಣವಿಲ್ಲದೆ ಒಯ್ಯುವಂತಿಲ್ಲ. ಆದ್ದರಿಂದ ಉಡುಗೊರೆ ಪಡೆಯುವವರು ಎಲ್ಲಿದ್ದಾರೆ, ಅದನ್ನು ಮನೆಯಲ್ಲಿ ಇಡುತ್ತಾರೋ ಜೇಬಿನಲ್ಲಿ ಒಯ್ಯುತ್ತಾರೋ ಎಂಬುದನ್ನು ಮೊದಲೇ ವಿಚಾರಿಸಿಕೊಂಡರೆ ಒಳ್ಳೆಯದು. ವಿಮಾನ ಪ್ರಯಾಣದ ಮಾತನ್ನಂತೂ ಹೇಳಲೇಬೇಕಾಗಿಲ್ಲ; ಕೈಚೀಲದಲ್ಲಿ ಮರೆತುಬಿಟ್ಟಿದ್ದ ನನ್ನ ಒಂದು ಒಳ್ಳೆಯ ಚಾಕು ತಪಾಸಣೆಯ ಮೇಜಿನ ಪಕ್ಕದ ಡಬ್ಬಿಗೆ ಬಿದ್ದಾಗ ಆದ ಸಂಕಟ ಇಂದಿಗೂ ಆರಿಲ್ಲ.

ಉಪಕರಣಗಳ ಸಂಖ್ಯೆಯ ವಿಷಯಕ್ಕೆ ಬರುತ್ತೇನೆ. ಸ್ವಿಟ್ಜರ್ಲೆಂಡಿನ ಕಾರ್ಲ್ ಎಲ್ಸೆನರ್ 1891ರಲ್ಲಿ ತನ್ನ ದೇಶದ ಸೈನ್ಯಕ್ಕೆ ಒದಗಿಸತೊಡಗಿದ ಸೈನಿಕರ ಚಾಕುವಿನಲ್ಲಿ ಇದ್ದದ್ದು ಒಂದು ಅಲಗು, ತೂತು ಕೊರೆಯುವ ಒಂದು ಮೊನೆ, ಡಬ್ಬಿ ತೆರೆಯುವ ಕೊಕ್ಕೆ, ಒಂದು ಸ್ಕ್ರೂಡ್ರೈವರ್, ಇಷ್ಟೇ. ಬಂದೂಕನ್ನು ಬಿಚ್ಚಲು ಸ್ಕ್ರೂಡ್ರೈವರ್, ಊಟದ ಡಬ್ಬಿಗೆ ಕೊಕ್ಕೆ, ಹೀಗೆ ಪ್ರತಿಯೊಂದಕ್ಕೂ ಆ ಸೈನಿಕನ ದಿನಚರಿಯಲ್ಲಿ ಒಂದು ಕೆಲಸ ಕಾದಿತ್ತು. 1897ರಲ್ಲಿ ನೋಂದಾಯಿಸಿದ ಅಧಿಕಾರಿಗಳ ಚಾಕುವಿನಲ್ಲಿ ಎರಡನೆಯ ಸಣ್ಣ ಅಲಗು ಮತ್ತು ಬಿರಡೆ ತೆಗೆಯುವ ಸುರುಳಿ ಸೇರಿದವು. ಒಂದೇ ಸ್ಪ್ರಿಂಗ್ ಹಿಡಿಯ ಎರಡೂ ಬದಿಯ ಉಪಕರಣಗಳನ್ನು ಹಿಡಿದಿಡುವಂತೆ ಮಾಡಿದ್ದು ಅದರ ಜಾಣ್ಮೆ, ಚಾಕು ದಪ್ಪವಾಗದೆ ಉಳಿದದ್ದು ಅದರಿಂದಲೇ. ಆ ಜಾಣ್ಮೆಯ ಉದ್ದೇಶವೇ ಹಗುರಾಗಿರುವುದು. ಇಂದು ಅದೇ ಮನೆತನದ ವಿಕ್ಟೋರಿನಾಕ್ಸ್ ಕಂಪನಿಯ ಸ್ಪಾರ್ಟನ್ ಎಂಬ ಮಾದರಿ 12 ಕೆಲಸಗಳನ್ನು ಮಾಡುತ್ತ ಸುಮಾರು 60 ಗ್ರಾಂ ತೂಗುತ್ತದೆ. ಸ್ವಿಸ್‌ಚಾಂಪ್ ಎಂಬುದು 33 ಕೆಲಸಗಳನ್ನು ಮಾಡುತ್ತದೆ, ಆದರೆ ಸುಮಾರು 185 ಗ್ರಾಂ ತೂಗುತ್ತದೆ. ಎರಡನೆಯದು ಕೆಟ್ಟ ಚಾಕುವೆಂದು ನಾನು ಹೇಳುವುದಿಲ್ಲ, ಚೀಲದಲ್ಲೋ ವಾಹನದಲ್ಲೋ ಇಟ್ಟುಕೊಳ್ಳುವವರಿಗೆ ಅದು ಆಪದ್ಬಂಧುವೇ. ಆದರೆ ಜೇಬಿನಲ್ಲಿರದ ಚಾಕುವನ್ನು ಕಿಸೆಚಾಕು ಎನ್ನುವುದು ಹೇಗೆ?

ನಾನು ನಿವೃತ್ತನಾದಾಗ ಸಹೋದ್ಯೋಗಿಗಳೆಲ್ಲ ಸೇರಿ ಪ್ರೀತಿಯಿಂದ ಅಂಥದ್ದೇ ಒಂದು ದೊಡ್ಡ ಚಾಕುವನ್ನು ಕೊಟ್ಟರು. ಭೂತಗನ್ನಡಿ, ಮೀನಿನ ಪೊರೆ ತೆಗೆಯುವ ಸಾಧನ ಎಲ್ಲವೂ ಅದರಲ್ಲಿವೆ. ಮೀನು ಹಿಡಿಯುವ ಹವ್ಯಾಸ ನನಗಿಲ್ಲ. ಆ ಚಾಕು ಪೆಟ್ಟಿಗೆಯ ಮಖಮಲ್ಲಿನ ಮೇಲೆ ಹೊಳೆಯುತ್ತ ಮಲಗಿದೆ, ನಾನು ದಿನವೂ ಬಳಸುವುದು ಎರಡೇ ಅಲಗಿನ, ಹಿಡಿಯ ಬಣ್ಣ ಮಾಸಿದ ಹಳೆಯದನ್ನು. ಕೊಟ್ಟವರ ಪ್ರೀತಿಯಲ್ಲಿ ಕೊರತೆ ಇರಲಿಲ್ಲ. ನನ್ನ ಜೇಬಿನಿಂದ ದಿನಕ್ಕೆ ಎಷ್ಟು ಸಲ, ಯಾವ ಕೆಲಸಕ್ಕೆ ಚಾಕು ಹೊರಬರುತ್ತದೆ ಎಂಬುದನ್ನು ಅವರಲ್ಲಿ ಯಾರೂ ಗಮನಿಸಿರಲಿಲ್ಲ, ಅಷ್ಟೇ.

ಗಮನಿಸಬೇಕಾದ ಇನ್ನೊಂದು ಸಂಗತಿಯೆಂದರೆ ಕೈ. ಇದರಲ್ಲಿ ನಾನೇ ಎಡವಿದ್ದೇನೆ. ನನ್ನ ಮಗಳು ಎಡಚಿ. ಅವಳ 30ನೆಯ ಹುಟ್ಟುಹಬ್ಬಕ್ಕೆಂದು ಬಹಳ ಹುಡುಕಿ, ಒಳಪಟ್ಟಿಯ ಲಾಕ್ ಇರುವ ಚೆಂದದ ಚಾಕುವೊಂದನ್ನು ತಂದುಕೊಟ್ಟೆ. ಅವಳು ಸಂಭ್ರಮದಿಂದ ಎಡಗೈಯಲ್ಲಿ ಹಿಡಿದು ತೆರೆದಳು. ಮಡಚಲು ಹೋದಾಗ ಅವಳ ಹೆಬ್ಬೆರಳು ಹಿಡಿಯ ಒಂದು ಬದಿಯಲ್ಲಿತ್ತು, ಸರಿಸಬೇಕಾದ ಪಟ್ಟಿ ಇನ್ನೊಂದು ಬದಿಯ ತೋಡಿನಲ್ಲಿತ್ತು. ಆ ಪಟ್ಟಿಯನ್ನು ಬಲಗೈಯ ಹೆಬ್ಬೆರಳಿಗೆ ಸಿಗುವಂತೆ ಕೂರಿಸಿರುತ್ತಾರೆ. ಅವಳು ತೋರುಬೆರಳನ್ನು ಡೊಂಕು ಮಾಡಿ, ಅಲಗಿನ ದಾರಿಗೇ ಚಾಚಿ, ಪಟ್ಟಿಯನ್ನು ಎಳೆಯಲು ಹೆಣಗುತ್ತಿದ್ದುದನ್ನು ನೋಡಿ ನಾನೇ ಅದನ್ನು ಮೆಲ್ಲನೆ ಕಸಿದುಕೊಂಡೆ. ಹಳೆಯ ಮಾದರಿಯ ಚಾಕುಗಳಲ್ಲಿ ಅಲಗನ್ನು ತೆರೆಯಲು ಉಗುರು ಸಿಕ್ಕಿಸುವ ಗೀರು ಕೂಡ ಸಾಮಾನ್ಯವಾಗಿ ಬಲಗೈಯವರಿಗೆ ಅನುಕೂಲವಾಗುವ ಬದಿಯಲ್ಲೇ ಇರುತ್ತದೆ. ಬೆನ್ನಿನ ಮೇಲೆ ಒತ್ತುವ ಲಾಕ್ ಆಗಿದ್ದರೆ ಯಾವ ಕೈಯಾದರೂ ಒಂದೇ. ಕೊನೆಗೆ ಅಂಥದ್ದನ್ನೇ ಬದಲಿಸಿ ತಂದೆ. ಉಗುರನ್ನು ಗಿಡ್ಡವಾಗಿ ಕತ್ತರಿಸಿಕೊಳ್ಳುವವರಿಗೆ, ಗಂಟುನೋವಿನ ವಯಸ್ಸಾದವರಿಗೆ ಬಿಗಿಯಾದ ಸ್ಪ್ರಿಂಗಿನ ಚಾಕುವನ್ನು ಕೊಟ್ಟರೆ ಅದೂ ಇದೇ ಕಥೆ.

ಉಕ್ಕಿನ ಬಗ್ಗೆ ತಮ್ಮ ಬರಹ ಮೌನವಾಗಿದೆ. ಕನಿಷ್ಠ ಶೇ 10.5ರಷ್ಟು ಕ್ರೋಮಿಯಂ ಬೆರೆತ ಸ್ಟೇನ್‌ಲೆಸ್ ಸ್ಟೀಲ್ ಸುಲಭಕ್ಕೆ ತುಕ್ಕು ಹಿಡಿಯುವುದಿಲ್ಲ. ಕಾರ್ಬನ್ ಸ್ಟೀಲಿನ ಅಲಗು ಸಾಣೆಕಲ್ಲಿಗೆ ಬೇಗ ಬಗ್ಗಿ ಒಳ್ಳೆಯ ಹರಿತ ಪಡೆಯುತ್ತದೆ, ಆದರೆ ಒದ್ದೆಯಾಗಿ ಬಿಟ್ಟರೆ ಒಂದೇ ರಾತ್ರಿಯಲ್ಲಿ ಕಲೆ ಬೀಳುತ್ತದೆ. ಬಳಸಿದಂತೆಲ್ಲ ಅಂಥ ಅಲಗು ಬೂದುಬಣ್ಣಕ್ಕೆ ತಿರುಗುವುದು ಹಾಳಾದ ಲಕ್ಷಣವಲ್ಲ, ನನ್ನಂಥವರಿಗೆ ಅದೇ ಚೆಂದ. ಒರೆಸಿಡುವ ತಾಳ್ಮೆ ಇರುವವರಿಗೆ ಕಾರ್ಬನ್ ಸ್ಟೀಲ್, ಉಳಿದವರಿಗೆ ಸ್ಟೇನ್‌ಲೆಸ್ ಎಂದು ನಾನು ಕೇಳಿದವರಿಗೆಲ್ಲ ಹೇಳುತ್ತೇನೆ. ಮರದ ಹಿಡಿ ತೇವಕ್ಕೆ ಉಬ್ಬಿ ಅಲಗನ್ನು ಬಿಗಿಹಿಡಿಯುವುದೂ ಉಂಟು. ಒಣಗಿದ ಮೇಲೆ ಸರಿಹೋಗುತ್ತದೆ.

ಕೊಳ್ಳುವ ಮುನ್ನ ಎರಡು ನಿಮಿಷ ಅದನ್ನು ಕೈಯಲ್ಲಿ ಹಿಡಿಯಿರಿ ಎಂದು ಓದುಗರನ್ನು ಕೇಳಿಕೊಳ್ಳುತ್ತೇನೆ. ಪೂರ್ತಿ ತೆರೆದು, ಅಲಗಿನ ಬೆನ್ನನ್ನು ಎರಡು ಬೆರಳುಗಳಿಂದ ಹಿಡಿದು ಎಡಕ್ಕೆ ಬಲಕ್ಕೆ ಅಲುಗಾಡಿಸಿದರೆ ಕೀಲು ಸಡಿಲವಾಗಿದೆಯೇ ಎಂಬುದು ಗೊತ್ತಾಗುತ್ತದೆ. ಮಡಚಿ ಬೆಳಕಿಗೆ ಎತ್ತಿ ಹಿಡಿದರೆ ಅಲಗು ಹಿಡಿಯ ನಟ್ಟನಡುವೆ ಕುಳಿತಿದೆಯೋ ಒಂದು ಬದಿಗೆ ಉಜ್ಜುತ್ತಿದೆಯೋ ಕಾಣಿಸುತ್ತದೆ. ಮೊನೆ ಹಿಡಿಯ ಅಂಚಿನಿಂದ ಒಂದು ಕೂದಲೆಳೆಯಷ್ಟು ಹೊರಗೆ ಇಣುಕುತ್ತಿದ್ದರೂ ಅದು ಜೇಬನ್ನು ಹರಿಯುತ್ತದೆ, ಆಮೇಲೆ ತೊಡೆಯನ್ನು.

ಹೆಸರು ಕೆತ್ತಿಸುವ ಆಸೆ ಇರುವವರು ಹಿಡಿಯ ಮೇಲೆ ಕೆತ್ತಿಸಲಿ, ಅಲಗಿನ ಮೇಲೆ ಬೇಡ. ತನ್ನ ಹೆಸರಿಗೆ ಗೀರು ಬಿದ್ದೀತೆಂದು ಹೆದರಿ ಆ ಚಾಕುವನ್ನು ಸಾಣೆಕಲ್ಲಿಗೆ ಮುಟ್ಟಿಸದೆ ಮೊಂಡಾಗಿಸಿದವರನ್ನು ನಾನು ಬಲ್ಲೆ. ಕೆತ್ತನೆಗೆ ಖರ್ಚು ಮಾಡುವುದಕ್ಕಿಂತ ಚಾಕುವಿನ ಜೊತೆಗೆ ಒಂದು ಸಣ್ಣ ಸಾಣೆಕಲ್ಲನ್ನು ಇಟ್ಟು, ಅಲಗನ್ನು ಕಲ್ಲಿನ ಮೇಲೆ ಪ್ರತಿ ಬದಿಗೂ 15ರಿಂದ 20 ಡಿಗ್ರಿಯಷ್ಟು ಓರೆಯಾಗಿ ಹಿಡಿದು ಉಜ್ಜುವುದನ್ನು ಹುಟ್ಟುಹಬ್ಬದ ದಿನವೇ ಜೊತೆಯಲ್ಲಿ ಕುಳಿತು ಹೇಳಿಕೊಟ್ಟರೆ ಆ ಉಡುಗೊರೆ ಪೂರ್ತಿಯಾಗುತ್ತದೆ. ಮೊಂಡು ಚಾಕುವಿಗೆ ಹೆಚ್ಚು ಬಲ ಹಾಕಬೇಕಾಗುತ್ತದೆ, ಹೆಚ್ಚು ಬಲ ಹಾಕಿದಾಗಲೇ ಕೈ ಜಾರುವುದು.

ಚಾಕು ಒಂದು ಆಯುಧ, ಅದನ್ನು ಹುಟ್ಟುಹಬ್ಬಕ್ಕೆ ಕೊಡುವುದೇ ತಪ್ಪು ಎಂದು ಬುಧವಾರದ ಸಂಚಿಕೆಯಲ್ಲಿ ಒಬ್ಬ ಓದುಗರು ಬರೆದಿದ್ದಾರೆ. ಅವರ ಆತಂಕವನ್ನು ನಾನು ಹಗುರವಾಗಿ ಕಾಣುವುದಿಲ್ಲ, ಮಕ್ಕಳ ವಿಷಯದಲ್ಲಂತೂ ಅವರು ಹೇಳುವುದರಲ್ಲಿ ಅರ್ಧ ಸತ್ಯವಿದೆ. ಆದರೆ ಉಳಿ, ಗರಗಸ, ಕತ್ತರಿ ಇವೆಲ್ಲಕ್ಕೂ ಅದೇ ಮಾತು ಅನ್ವಯಿಸುತ್ತದೆ. ಮೊದಲ ಚಾಕುವೆಂದು ಮೊನೆಯನ್ನು ದುಂಡಗೆ ಮಾಡಿ, ಲಾಕ್ ಕೊಟ್ಟು ತಯಾರಿಸಿದವು ಸಿಗುತ್ತವೆ. ಅವನ್ನೂ ದೊಡ್ಡವರು ಪಕ್ಕದಲ್ಲಿ ಕುಳಿತಿರುವಾಗ ಮಾತ್ರ ಪೆಟ್ಟಿಗೆಯಿಂದ ತೆಗೆಯುವ ನಿಯಮವಿರಲಿ. ನನ್ನ ತರಗತಿಯಲ್ಲಿ ಕುಳಿತೇ ಕತ್ತರಿಸಬೇಕು, ಅಲಗು ಯಾವಾಗಲೂ ಮೈಯಿಂದ ಹೊರಗಡೆಗೆ ಸಾಗಬೇಕು, ಇನ್ನೊಬ್ಬರಿಗೆ ಕೊಡುವಾಗ ಮಡಚಿಯೇ ಕೊಡಬೇಕು ಎಂಬ ಮೂರು ನಿಯಮಗಳಿದ್ದವು. ಚಾಕುವಿನಿಂದ ಗಾಯ ಮಾಡಿಕೊಂಡವರ ಪಟ್ಟಿಯಲ್ಲಿ ಮೊದಲ ಹೆಸರು ಅಧ್ಯಾಪಕರದೇ ಆಗಿತ್ತು ಎಂಬುದನ್ನು ಮೇಲೆಯೇ ಒಪ್ಪಿಕೊಂಡಿದ್ದೇನೆ.

ಕೊನೆಯದಾಗಿ ತಮ್ಮಲ್ಲಿ ಒಂದು ವಿನಂತಿ. ಉಪಕರಣಗಳ ಸಂಖ್ಯೆಯ ಬಗ್ಗೆ ನಮ್ಮ ನಮ್ಮ ಅಭಿಪ್ರಾಯ ಬೇರೆ ಇರಬಹುದು, ಅದಕ್ಕೆ ತಿದ್ದುಪಡಿ ಬೇಕಿಲ್ಲ. ಆದರೆ ಲಾಕಿನ ಕುರಿತ ಆ ಸಾಲನ್ನು ನಂಬಿ, ಲಾಕ್ ಇಲ್ಲದ ಚಾಕುವನ್ನು ಲಾಕ್ ಇದೆಯೆಂದೇ ಹೇಳಿ ಯಾರಾದರೂ ಉಡುಗೊರೆ ಕೊಡುವ ಸಂಭವವಿದೆ. ಬರುವ ಭಾನುವಾರದ ಪುರವಣಿಯಲ್ಲಿ, ಅದೇ ಪುಟದಲ್ಲಿ, ತೆರೆದ ಅಲಗನ್ನು ಏನನ್ನೂ ಒತ್ತದೆ, ಸರಿಸದೆ, ತಿರುಗಿಸದೆ ಮಡಚಲು ಸಾಧ್ಯವಾದರೆ ಆ ಚಾಕುವಿಗೆ ಲಾಕ್ ಇಲ್ಲವೆಂದು ಎರಡು ಸಾಲಿನಲ್ಲಿ ಪ್ರಕಟಿಸಬೇಕಾಗಿ ಕೋರುತ್ತೇನೆ.

ಇತಿ ತಮ್ಮ ವಿಶ್ವಾಸಿ,
ಒಬ್ಬ ನಿವೃತ್ತ ಮರಗೆಲಸ ಶಿಕ್ಷಕ